ಟಿನಾರಿವೆನ್ ಕೇಳಿದ ಮೇಲೆ ಮುಂದೆ ಯಾರನ್ನು ಕೇಳಲಿ?

ಬೇಸ್‌ತಂತಿ:
ಮಾಲಿ ದೇಶದ ಟುವಾರೆಗ್ (ಸಹಾರಾದ ಅಲೆಮಾರಿ ಜನಾಂಗ) ಗಿಟಾರ್ ತಂಡ ಟಿನಾರಿವೆನ್‌ನ ‘ಅಮಾನ್ ಇಮಾನ್’ (2007) ಆಲ್ಬಂ ಸಿಕ್ಕಿದ ಮೇಲೆ ಬೇರೆ ಏನೂ ಕೇಳೋಕೆ ಮನಸ್ಸು ಬರ್ತಿಲ್ಲ. ಇಷ್ಟೊಂದು ಗಿಟಾರ್ ಒಟ್ಟಿಗೆ ನುಡಿದರೂ ಗಲಾಟೆ ಅನ್ನಿಸುವುದಿಲ್ಲ. ಹಾಡು ಹೆಚ್ಚುಕಮ್ಮಿ ಒಂದೇ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಮೇಲೆ ನಿಂತಿರುತ್ತದೆ, ಆದರೂ ಬೇಜಾರಾಗಲ್ಲ. ಇದನ್ನು ‘ಮರುಭೂಮಿ ಬ್ಲೂಸ್’ ಅಂತಾರಲ್ಲ, ಅಮೆರಿಕದ ಕಪ್ಪು ಜನರ ಬ್ಲೂಸ್ ಸಂಗೀತ ಸಹಾರಾ ಮರುಭೂಮಿಗೆ ಹೋಗಿದ್ದು ಹೇಗೆ? ಗಿಟಾರ್ ವಾದಕ ಅಲಿ ಫರ್ಕಾ ಟೂರೆ ಕೂಡ ಟುವಾರೆಗ್ ಅಲ್ವಾ? ಇನ್ನು ಯಾರನ್ನು ಕೇಳಬಹುದು? ಮನೇಲಿ ಗಿಟಾರ್ ಇದೆ, ನುಡಿಸುವ ರೀತಿ ಗೊತ್ತಿದ್ದವರು ಅದನ್ನೂ ಹೇಳಿ.

ಮರಳದಾರಿ:
ಅಲಿ ಫರ್ಕಾ ಟೂರೆ ಟುವಾರೆಗ್ ಅಲ್ಲ. ಅವರು ಮಾಲಿಯ ನೈಜರ್ ನದಿ ದಂಡೆಯ ನಿಯಾಫುಂಕೆ ಊರಿನವರು, ಸೊಂಗೈ ಜನ. ಆದರೆ ಟಿನಾರಿವೆನ್‌ನವರು ಅವರ ಹಾಡು ಕೇಳಿಯೇ ಬೆಳೆದವರು.

ಬ್ಲೂಸ್ ಅಲ್ಲಿಗೆ ಹೋಗಿದ್ದು ಅನ್ನೋದಕ್ಕಿಂತ, ಹೊರಗಿನವರು ಕೇಳಿ ಆ ಹೆಸರಿಟ್ಟರು ಅನ್ನಬೇಕು. 2001ರ ಹೊತ್ತಿಗೆ ಹೊರದೇಶಗಳಿಗೆ ಹೋಗಲು ಶುರುಮಾಡುವ ತನಕ ಅಮೆರಿಕದ ಬ್ಲೂಸ್ ಕೇಳಿಯೇ ಇರಲಿಲ್ಲ ಅಂತ ತಂಡದವರೇ ಹೇಳಿದ್ದಾರೆ. ಹೆಂಡ್ರಿಕ್ಸ್, ಸಾಂಟಾನಾ, ಡೈರ್ ಸ್ಟ್ರೈಟ್ಸ್ ತರಹದ ಪಾಶ್ಚಾತ್ಯ ರಾಕ್ ಕ್ಯಾಸೆಟ್‌ಗಳು ಅವರ ಕೈಗೆ ಸಿಕ್ಕಿದ್ದವು.

ತಂಡ ಕಟ್ಟಿದ ಇಬ್ರಾಹಿಂ ಅಗ್ ಅಲ್‌ಹಬೀಬ್ ಕಥೆ ಗೊತ್ತಿದ್ದರೆ ಹಾಡು ಇನ್ನೂ ಹತ್ತಿರವಾಗುತ್ತದೆ. 60ರ ದಶಕದ ಮೊದಲ ಟುವಾರೆಗ್ ದಂಗೆಯಲ್ಲಿ ಅವರ ತಂದೆಯನ್ನು ಮಾಲಿ ಸೇನೆ ಕೊಂದಿತು, ಆಗ ಅವರಿನ್ನೂ ಪುಟ್ಟ ಮಗು, ಆಮೇಲೆ ಅಲ್ಜೀರಿಯಾದಲ್ಲಿ ನಿರಾಶ್ರಿತರಾಗಿ ಬೆಳೆದರು. ಸಿನಿಮಾದಲ್ಲಿ ಕೌಬಾಯ್ ಒಬ್ಬ ಗಿಟಾರ್ ನುಡಿಸಿದ್ದು ನೋಡಿ, ತಗಡಿನ ಡಬ್ಬ, ಕೋಲು, ಸೈಕಲ್ ಬ್ರೇಕ್ ತಂತಿ ಸೇರಿಸಿ ತಾವೇ ಒಂದು ಗಿಟಾರ್ ಮಾಡಿಕೊಂಡರು. 80ರ ದಶಕದಲ್ಲಿ ಇಬ್ರಾಹಿಂ ಮತ್ತು ಗೆಳೆಯರು ಲಿಬಿಯಾದಲ್ಲಿ ಅಲ್ಲಿನ ಆಡಳಿತಗಾರ ಗಡಾಫಿಯ ಸೇನಾ ಶಿಬಿರ ಸೇರಿದರು. ಯಾರು ಖಾಲಿ ಕ್ಯಾಸೆಟ್ ತಂದುಕೊಟ್ಟರೂ ದುಡ್ಡಿಲ್ಲದೆ ಹಾಡು ರೆಕಾರ್ಡ್ ಮಾಡಿ ಕೊಡುತ್ತಿದ್ದರು. ಅದು ಕೈಯಿಂದ ಕೈಗೆ ಸಹಾರಾ ಪೂರ್ತಿ ಓಡಾಡಿತು. ‘ರೇಡಿಯೋ ಟಿಸ್ಡಾಸ್ ಸೆಷನ್ಸ್’ (2001) ತಪ್ಪದೆ ಕೇಳಿ, ಮಾಲಿಯ ಕಿಡಾಲ್‌ನಲ್ಲಿ ಮಾಡಿದ್ದು.

ಒರಳುಕಲ್ಲು:
ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ಹೆಂಗಸರ ಸಂಗೀತ ಬಿಟ್ಟರೆ ಅರ್ಧ ಕಥೆಯೇ ಬಿಟ್ಟ ಹಾಗೆ. ಗಿಟಾರ್ ಬರೋಕೆ ಮುಂಚೆಯೇ ಅಲ್ಲಿ ತೆಂಡೆ ಇತ್ತು. ಧಾನ್ಯ ಕುಟ್ಟುವ ಮರದ ಒರಳಿನ ಬಾಯಿಗೆ ಮೇಕೆ ಚರ್ಮ ಹೊದಿಸುತ್ತಾರೆ. ಎರಡು ಉದ್ದ ಒನಕೆಗಳನ್ನು ಅಕ್ಕಪಕ್ಕ ಕಟ್ಟಿ, ಅದರ ಮೇಲೆ ಹೆಂಗಸರು ಕೂರುತ್ತಾರೆ, ಅವರ ಭಾರಕ್ಕೆ ಚರ್ಮ ಬಿಗಿಯಾಗುತ್ತದೆ. ಒಬ್ಬಳು ಬಾರಿಸುತ್ತಾ ಹಾಡುತ್ತಾಳೆ, ಉಳಿದವರು ಚಪ್ಪಾಳೆ ತಟ್ಟಿ ದನಿಗೂಡಿಸುತ್ತಾರೆ. ಟಿನಾರಿವೆನ್ ಹಾಡಿನ ಚಪ್ಪಾಳೆ, ಒಬ್ಬ ಹಾಡಿದ್ದಕ್ಕೆ ಗುಂಪು ಉತ್ತರ ಕೊಡುವ ರೀತಿ, ಇದೆಲ್ಲ ಅಲ್ಲಿಂದಲೇ ಬಂದಿದ್ದು. ಇನ್ನೊಂದು ಇಮ್ಜಾದ್, ಒಂದೇ ತಂತಿಯ ಪಿಟೀಲು, ಅದನ್ನು ನುಡಿಸುವವರು ಹೆಂಗಸರೇ. 2013ರಲ್ಲಿ ಯುನೆಸ್ಕೋದ ಪರಂಪರೆ ಪಟ್ಟಿಗೂ ಸೇರಿತು.

ಹಾಗಾಗಿ ನೈಜರ್ ದೇಶದ ಲೇ ಫೀ ದ ಇಲ್ಲಿಘಾದಾದ್ ತಂಡ ಕೇಳಿ. ಅದರ ಫಾತೂ ಸೈದಿ ಘಾಲಿ, ಅಣ್ಣ ಲಿಬಿಯಾದಿಂದ ತಂದ ಗಿಟಾರನ್ನು ಕದ್ದುಮುಚ್ಚಿ ನುಡಿಸಿ ಕಲಿತವಳು. ತೆಂಡೆ, ಗಿಟಾರ್ ಎರಡೂ ಒಂದೇ ಹಾಡಿನಲ್ಲಿ ಸಿಗುತ್ತವೆ. ನನಗಂತೂ ಈ ಇಡೀ ಸಂಗೀತದಲ್ಲಿ ಅತಿ ಇಷ್ಟವಾದ ದನಿ ಇದೇ.

ಆರುತಂತಿ:
ನುಡಿಸೋ ವಿಷಯಕ್ಕೆ ಬರ್ತೀನಿ. ಪಿಕ್ (ತಂತಿ ಮೀಟುವ ಪುಟ್ಟ ಬಿಲ್ಲೆ) ಪಕ್ಕಕ್ಕಿಡಿ. ಹೆಬ್ಬೆರಳು ದಪ್ಪ ತಂತಿಯನ್ನು ಬಿಡದೆ ಮೀಟುತ್ತಿರಬೇಕು, ನಮ್ಮ ತಂಬೂರಿ ಶ್ರುತಿ ಹಿಡಿದ ಹಾಗೆ. ತೋರುಬೆರಳು ಮೇಲಿನ ಸ್ವರ ನೋಡಿಕೊಳ್ಳುತ್ತದೆ. ಎಡಗೈಯಲ್ಲಿ ಹ್ಯಾಮರ್ ಆನ್ (ಮೀಟದೆ ಬೆರಳು ಬಡಿದು ಸ್ವರ ಹೊರಡಿಸುವುದು), ಪುಲ್ ಆಫ್ (ಬೆರಳು ಎಳೆದು ಬಿಟ್ಟು ಸ್ವರ ಹೊರಡಿಸುವುದು) ಜಾಸ್ತಿ. ಕಾರ್ಡ್ ಬದಲಾಯಿಸುವ ಆಸೆ ಬಿಟ್ಟುಬಿಡಿ. ಎಷ್ಟೋ ಹಾಡುಗಳು ಐದೇ ಸ್ವರದಲ್ಲಿ ಓಡಾಡುತ್ತವೆ, ಕರ್ನಾಟಕ ಸಂಗೀತ ಕಲಿತವರು ಶುದ್ಧ ಧನ್ಯಾಸಿಯ ಸ್ವರ ಹಿಡಿದರೆ ಬೆರಳು ಬೇಗ ಹೊಂದಿಕೊಳ್ಳುತ್ತದೆ.

ರಾಕ್ ಇಷ್ಟ ಇದ್ದರೆ ಎಂಡೂ ಮೊಕ್ತಾರ್ ಅವರ ‘ಆಫ್ರಿಕ್ ವಿಕ್ಟೀಮ್’ (2021) ಕೇಳಿ. ನೈಜರ್‌ನ ಎಡಗೈ ಗಿಟಾರಿಸ್ಟ್, ಇವರ ಮೊದಲ ಗಿಟಾರಿನದ್ದೂ ಸೈಕಲ್ ತಂತಿಯೇ. ಇವರ ಹಾಡು ಮೊದಲು ಹಬ್ಬಿದ್ದು ಮೊಬೈಲ್ ಮೆಮೊರಿ ಕಾರ್ಡ್‌ಗಳಲ್ಲಿ. ಅದೇ ದೇಶದ ಅಗಾದೆಜ್ ಊರಿನ ಬೊಂಬಿನೊ ಅವರ ‘ನೊಮ್ಯಾಡ್’ (2013) ಕೂಡ ಚೆನ್ನಾಗಿದೆ, ಆದರೆ ಸ್ಟುಡಿಯೋ ಹೊಳಪು ಸ್ವಲ್ಪ ಜಾಸ್ತಿ ಅನ್ನಿಸಿತು.

ಬೇಸ್‌ತಂತಿ:
ಎಲ್ಲರಿಗೂ ಥ್ಯಾಂಕ್ಸ್! ತೆಂಡೆ ವಿಡಿಯೋ ಈಗಷ್ಟೇ ನೋಡಿದೆ, ಚಪ್ಪಾಳೆ ಎಲ್ಲಿಂದ ಬಂತು ಅಂತ ಗೊತ್ತಾಯ್ತು. ಜೊತೆಗೆ ನುಡಿಸಿ ಕಲಿಯೋಕೆ ಯಾವ ಆಲ್ಬಂ ಸುಲಭ?

ಮರಳದಾರಿ:
ಟಿನಾರಿವೆನ್ ಅವರದ್ದೇ ‘ತಸ್ಸಿಲಿ’ (2011). ಅಲ್ಜೀರಿಯಾದ ಮರುಭೂಮಿಯಲ್ಲಿ ಅಕೌಸ್ಟಿಕ್ (ಕರೆಂಟ್ ಬೇಡದ) ಗಿಟಾರ್ ಇಟ್ಟುಕೊಂಡು ಮಾಡಿದ್ದು, 2012ರಲ್ಲಿ ಗ್ರ್ಯಾಮಿಯೂ ಬಂತು. ಅದೇ ವರ್ಷ ಉತ್ತರ ಮಾಲಿ ಉಗ್ರರ ಕೈಗೆ ಹೋಗಿ ಅಲ್ಲಿ ಹಾಡು, ವಾದ್ಯ ಎಲ್ಲಾ ನಿಷೇಧವಾಯ್ತು ಅನ್ನೋದು ನೆನೆದರೆ ಈಗಲೂ ಸಂಕಟ ಆಗುತ್ತದೆ. ಈ ಆಲ್ಬಂನಲ್ಲಿ ಹೆಬ್ಬೆರಳಿನ ಏಟು ಒಂದೊಂದೂ ಬಿಡಿಯಾಗಿ ಕೇಳಿಸುತ್ತದೆ. ಮೊದಲು ಆ ಹೆಬ್ಬೆರಳನ್ನಷ್ಟೇ ಹಿಡಿಯಿರಿ, ಸ್ವರ ಆಮೇಲೆ.