ಮರೆವಿನ ಕಾಯಿಲೆಗೆ ರಕ್ತಪರೀಕ್ಷೆ: ನಮ್ಮ ಬಳಗದ ವೈದ್ಯೆಯೊಂದಿಗೆ ಭಾನುವಾರದ ಪ್ರಶ್ನೋತ್ತರ

ನಿರ್ವಾಹಕರು: ‘ಒಂದು ರಕ್ತಪರೀಕ್ಷೆ ಮಾಡಿಸಿದರೆ ಮರೆವಿನ ಕಾಯಿಲೆ 20 ವರ್ಷ ಮೊದಲೇ ಗೊತ್ತಾಗುತ್ತದೆ’ ಎಂಬ ಸಂದೇಶ ವಾರದಿಂದ ಬಳಗದಲ್ಲಿ ಹರಿದಾಡುತ್ತಿದೆ. ಶಿವಮೊಗ್ಗದಲ್ಲಿ ನರರೋಗ ತಜ್ಞೆಯಾಗಿರುವ ನಮ್ಮ ಸದಸ್ಯೆ ಇಂದು ಉತ್ತರಿಸಲು ಒಪ್ಪಿದ್ದಾರೆ. ದಯವಿಟ್ಟು ವಿಷಯ ಬಿಟ್ಟು ಹೋಗಬೇಡಿ.

ಸಾಗರದ ಸದಸ್ಯೆ: ಮೇಡಂ, ನಮಸ್ಕಾರ. ನನಗೆ 46 ವರ್ಷ. ಅಮ್ಮ ಆಲ್ಝೈಮರ್‌ನಿಂದ ತೀರಿಕೊಂಡರು. ನನಗೆ ಈಗ ಯಾವ ತೊಂದರೆಯೂ ಇಲ್ಲ. ಈ ಪರೀಕ್ಷೆಯನ್ನು ಈಗಲೇ ಮಾಡಿಸಿಕೊಳ್ಳಲೇ?

ವೈದ್ಯೆ: ಬೇಡ. ಕಾರಣ ಹೇಳುತ್ತೇನೆ. ಆಲ್ಝೈಮರ್‌ನಲ್ಲಿ ಮಿದುಳಿನೊಳಗೆ ಅಮಿಲಾಯ್ಡ್, ಟೌ ಎಂಬ ಎರಡು ಪ್ರೋಟೀನ್‌ಗಳು ಕೆಟ್ಟು ಶೇಖರವಾಗುತ್ತವೆ. ಮರೆವು ಕಾಣಿಸಿಕೊಳ್ಳುವ ಎಷ್ಟೋ ವರ್ಷ ಮೊದಲೇ ಈ ಶೇಖರಣೆ ಆರಂಭವಾಗುತ್ತದೆ ಎಂಬುದು ನಿಜ; ನೀವು ಓದಿದ ಸಂದೇಶ ಹುಟ್ಟಿದ್ದು ಅಲ್ಲಿಂದ. ಪಿ-ಟೌ 217 ಎಂಬ ಟೌನ ಒಂದು ರೂಪವನ್ನು ರಕ್ತದಲ್ಲಿ ಅಳೆದು, ಮಿದುಳಿನಲ್ಲಿ ಅಮಿಲಾಯ್ಡ್ ಇದೆಯೇ ಎಂದು ಅಂದಾಜು ಮಾಡುತ್ತಾರೆ. 2025ರ ಮೇ ತಿಂಗಳಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇಂತಹ ಪರೀಕ್ಷೆಯೊಂದಕ್ಕೆ ಮೊದಲ ಬಾರಿಗೆ ಅನುಮತಿ ನೀಡಿತು. ಆದರೆ ಅನುಮತಿ ಇರುವುದು ಆಗಲೇ ಮರೆವಿನ ಲಕ್ಷಣಗಳಿದ್ದು ತಜ್ಞರ ಬಳಿ ಬಂದವರಿಗೆ ಮಾತ್ರ, ನಿಮ್ಮಂತೆ ಆರೋಗ್ಯವಾಗಿರುವವರಿಗೆ ಅಲ್ಲ. ಅದಕ್ಕಾಗಿ ಪರಿಶೀಲಿಸಿದ 499 ಮಾದರಿಗಳೂ ಲಕ್ಷಣಗಳಿದ್ದವರವೇ. ಅವರಲ್ಲಿ ‘ಇದೆ’ ಎಂದು ಬಂದ ಫಲಿತಾಂಶ ನೂರಕ್ಕೆ ಸುಮಾರು 92ರಷ್ಟು, ‘ಇಲ್ಲ’ ಎಂದು ಬಂದದ್ದು 97ರಷ್ಟು ಸರಿಯಾಗಿತ್ತು, ಶೇ. 20ಕ್ಕಿಂತ ಕಡಿಮೆ ಮಂದಿಗೆ ಯಾವ ಕಡೆಗೂ ಸೇರದ ಫಲಿತಾಂಶ ಬಂತು. ಲಕ್ಷಣವೇ ಇಲ್ಲದವರಿಗೆ ಅದೇ ಪರೀಕ್ಷೆ ಮಾಡಿದರೆ ತಪ್ಪಾಗಿ ‘ಇದೆ’ ಎಂದು ತೋರಿಸುವ ಸಂಭವ ಹೆಚ್ಚುತ್ತದೆ. ಮೂತ್ರಪಿಂಡದ ಕಾಯಿಲೆ ಇದ್ದರೂ ರಕ್ತದಲ್ಲಿ ಪಿ-ಟೌ 217ರ ಅಂಶ ಏರಿ ಕಾಣುತ್ತದೆ. ಅಮಿಲಾಯ್ಡ್ ಇದ್ದೂ ಬದುಕಿನುದ್ದಕ್ಕೂ ಮರೆವು ಬಾರದವರಿದ್ದಾರೆ. ಆ ಕಾಗದ ಹಿಡಿದುಕೊಂಡು ನೀವು 20 ವರ್ಷ ಹೆದರಿ ಬದುಕುವುದು ನನಗೆ ಬೇಡ.

ಶಿಕಾರಿಪುರದ ಸದಸ್ಯ: ಯಾವ ಲ್ಯಾಬ್‌ನಲ್ಲಿ ಮಾಡುತ್ತಾರೆ? ದರ ಎಷ್ಟು?

ವೈದ್ಯೆ: ಲಕ್ಷಣಗಳಿದ್ದರೆ ಮೊದಲು ತಜ್ಞರನ್ನು ಕಾಣಿ. ಬೇಕಿದ್ದರೆ ಅವರೇ ಬರೆದುಕೊಡುತ್ತಾರೆ.

ತೀರ್ಥಹಳ್ಳಿಯ ಸದಸ್ಯ: ಮೇಡಂ, ನನ್ನ ಅಪ್ಪಯ್ಯನಿಗೆ 74 ವರ್ಷ. 40 ವರ್ಷ ಅಡಿಕೆ ಆರಿಸಿದ ಕೈ ಅವರದು. ಕಣ್ಣು ಹಾಯಿಸಿದಷ್ಟರಲ್ಲೇ ಹಸ, ಬೆಟ್ಟೆ, ಗೊರಬಲು ಬೇರೆಯಾಗುತ್ತಿತ್ತು. ಕಳೆದ ವಾರ ಮೂರನ್ನೂ ಒಂದೇ ಚೀಲಕ್ಕೆ ತುಂಬಿ, ‘ಆಯಿತು, ಹೊಲಿ’ ಎಂದು ನನ್ನ ಕೈಗೆ ದಬ್ಬಳ ಕೊಟ್ಟರು. ಹಗಲೆಲ್ಲ ತೂಕಡಿಸುತ್ತಾರೆ. ನಡೆಯುವಾಗ ಎಡಗಾಲು ಎಳೆದಂತೆ ಕಾಣುತ್ತದೆ. ಊರಿನ ಕ್ಲಿನಿಕ್‌ನಲ್ಲಿ ವಯಸ್ಸಿನ ಮರೆವು ಎಂದರು. ಈ ರಕ್ತಪರೀಕ್ಷೆ ಮಾಡಿಸಿದರೆ ಖಚಿತವಾಗುತ್ತದೆಯೇ?

ವೈದ್ಯೆ: ಎಷ್ಟು ದಿನದಿಂದ ಹೀಗಿದೆ? ಎಲ್ಲಾದರೂ ಬಿದ್ದಿದ್ದರೇ? ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ? ಕೂಡಲೇ ತಿಳಿಸಿ.

ಹೊಸನಗರದ ಸದಸ್ಯರು: ಇಷ್ಟೆಲ್ಲ ಪರೀಕ್ಷೆ ಯಾಕೆ? ನಮ್ಮ ಗದ್ದೆಯ ಅಂಚಿನಲ್ಲೇ ಒಂದೆಲಗ ಇದೆ. ದಿನಾ ಬೆಳಿಗ್ಗೆ ಅದರ ರಸ, ಎರಡು ಚಮಚ ತೆಂಗಿನೆಣ್ಣೆ ಕೊಟ್ಟರೆ 48 ದಿನದಲ್ಲಿ ನೆನಪು ಮರಳುತ್ತದೆ, ಬಿಪಿ, ಸಕ್ಕರೆ ಮಾತ್ರೆಗಳೂ ಬೇಕಾಗುವುದಿಲ್ಲ ಎಂದು ಬಂದ ಸಂದೇಶವನ್ನು ಇಲ್ಲಿ ಹಾಕಿದ್ದೇನೆ.

ವೈದ್ಯೆ: ಒಂದೆಲಗದ ತಂಬುಳಿ ನಮ್ಮ ಮನೆಯಲ್ಲೂ ಮಾಡುತ್ತೇವೆ, ಊಟಕ್ಕೆ ಒಳ್ಳೆಯದು. ಅದರಿಂದ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಗುಣವಾಗುತ್ತದೆ ಎನ್ನುವುದಕ್ಕೆ ಆಧಾರವಿಲ್ಲ, ತೆಂಗಿನೆಣ್ಣೆಗೂ ಇಲ್ಲ. ಬಿಪಿ, ಸಕ್ಕರೆ ಮಾತ್ರೆ ನಿಲ್ಲಿಸಿ ಎಂಬ ಸಾಲು ಅಪಾಯಕಾರಿ. ಆ ಎರಡನ್ನೂ ಹತೋಟಿಯಲ್ಲಿ ಇಡದಿದ್ದರೆ ಮಿದುಳಿನ ರಕ್ತನಾಳ ಕೆಟ್ಟು ಮರೆವು ಬೇಗ ಬರುತ್ತದೆ. ಸಂದೇಶವನ್ನು ದಯವಿಟ್ಟು ಅಳಿಸಿ.

ತೀರ್ಥಹಳ್ಳಿಯ ಸದಸ್ಯ: ಐದಾರು ವಾರದಿಂದ, ಮೇಡಂ. ಅದಕ್ಕೂ ಮೊದಲು ಬ್ಯಾಂಕಿನ ಲೆಕ್ಕವನ್ನೂ ಅವರೇ ನೋಡುತ್ತಿದ್ದರು. ಎರಡು ತಿಂಗಳ ಹಿಂದೆ ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿ ಕಟ್ಟೆಗೆ ತಲೆ ತಾಗಿತ್ತು. ರಕ್ತ ಬರಲಿಲ್ಲ, ಎದ್ದು ಕಾಫಿ ಕುಡಿದರು. ಹೃದಯಕ್ಕೆ ಸ್ಟೆಂಟ್ ಹಾಕಿದ ಮೇಲೆ ರಕ್ತ ತೆಳುವಾಗಿಸುವ ಮಾತ್ರೆ ಕೊಟ್ಟಿದ್ದಾರೆ.

ವೈದ್ಯೆ: ರಕ್ತಪರೀಕ್ಷೆಯನ್ನು ಮರೆತುಬಿಡಿ. ಇವತ್ತೇ ಅವರ ತಲೆಯ ಸಿಟಿ ಸ್ಕ್ಯಾನ್ ಆಗಬೇಕು, ನಾಳೆಯವರೆಗೆ ಕಾಯಬೇಡಿ. ಆಲ್ಝೈಮರ್ ವರ್ಷಗಳ ಲೆಕ್ಕದಲ್ಲಿ ಮೆಲ್ಲಗೆ ಬರುವ ಕಾಯಿಲೆ. ಲೆಕ್ಕಪತ್ರ ನೋಡುತ್ತಿದ್ದವರನ್ನು ಐದಾರು ವಾರದಲ್ಲಿ ಹೀಗೆ ಮಾಡುವುದಿಲ್ಲ. ವಯಸ್ಸಾದಂತೆ ಮಿದುಳು ಸ್ವಲ್ಪ ಕುಗ್ಗುತ್ತದೆ, ಅದಕ್ಕೂ ತಲೆಬುರುಡೆಗೂ ನಡುವಿನ ಸಣ್ಣ ರಕ್ತನಾಳಗಳು ಬಿಗಿದುಕೊಂಡಿರುತ್ತವೆ. ಹಗುರವಾದ ಪೆಟ್ಟಿಗೂ ಅವು ಹರಿದು, ರಕ್ತ ವಾರಗಟ್ಟಲೆ ಜಿನುಗಿ, ನಿಂತು, ಮಿದುಳನ್ನು ಒತ್ತತೊಡಗುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಈ ಅಪಾಯ ಇನ್ನೂ ಹೆಚ್ಚು. ಬಿದ್ದ ದಿನ ಏನೂ ಆಗದೆ, ತಿಂಗಳ ಬಳಿಕ ತೂಕಡಿಕೆ, ಗೊಂದಲ, ಒಂದು ಕಡೆಯ ಕಾಲಿನ ಎಳೆತ ಕಾಣುವುದು ಇದರ ರೀತಿ. ನೀವು ಬರೆದದ್ದೆಲ್ಲ ಅದಕ್ಕೇ ಹೊಂದುತ್ತಿದೆ. ಸ್ಕ್ಯಾನ್‌ಗೆ ಕೆಲವೇ ನಿಮಿಷ ಸಾಕು. ರಕ್ತ ನಿಂತಿದ್ದರೆ ಬುರುಡೆಯಲ್ಲಿ ಸಣ್ಣ ರಂಧ್ರ ಮಾಡಿ ಅದನ್ನು ಹೊರತೆಗೆಯುತ್ತಾರೆ, ಹಾಗೆ ಮಾಡಿಸಿಕೊಂಡ ಎಷ್ಟೋ ಜನ ಮೊದಲಿನಂತಾಗಿದ್ದಾರೆ. ಹಾಗಾಗಿ ಇವರನ್ನು ‘ಅರವತ್ತಕ್ಕೆ ಅರಳುಮರಳು’ ಎಂದು ಮೂಲೆಗೆ ಕೂರಿಸಬಾರದು. ಮಾತ್ರೆಯ ಬಗ್ಗೆ ನೀವಾಗಿಯೇ ತೀರ್ಮಾನ ಮಾಡಬೇಡಿ, ಚೀಟಿಯ ಸಮೇತ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಕರೆತನ್ನಿ. ವಾಂತಿ, ಫಿಟ್ಸ್ ಅಥವಾ ಎಬ್ಬಿಸಲಾಗದಂಥ ನಿದ್ರೆ ಕಂಡರೆ 108ಕ್ಕೆ ಕರೆ ಮಾಡಿ.

ತೀರ್ಥಹಳ್ಳಿಯ ಸದಸ್ಯ: ಹೊರಡುತ್ತಿದ್ದೇವೆ.

ಭದ್ರಾವತಿಯ ಸದಸ್ಯೆ: ನಮ್ಮ ಅತ್ತೆಯವರಿಗೂ ಮರೆವು. ಸಸ್ಯಾಹಾರಿ, ಹತ್ತು ವರ್ಷದಿಂದ ಸಕ್ಕರೆಗೆ ಮೆಟ್‌ಫಾರ್ಮಿನ್.

ವೈದ್ಯೆ: ಬಿ12 ಮತ್ತು ಥೈರಾಯ್ಡ್ ನೋಡಿಸಿ. ಮೆಟ್‌ಫಾರ್ಮಿನ್‌ನಿಂದಲೂ ಬಿ12 ಇಳಿಯುತ್ತದೆ. ಸರಿಪಡಿಸಬಹುದಾದ ಕಾರಣವನ್ನು ಮೊದಲು ಹುಡುಕಬೇಕು. ಕಿವಿ ಸರಿಯಾಗಿ ಕೇಳಿಸುತ್ತದೆಯೇ ಎಂದೂ ನೋಡಿ.

ಸೊರಬದ ಸದಸ್ಯ: ಮಂಗನ ಕಾಯಿಲೆ ಬಂದು ಹೋದವರಿಗೆ ಮುಂದೆ ಮರೆವು ಬರುವ ಸಂಭವ ಇದೆಯೇ, ಮೇಡಂ?

ಹೊಸನಗರದ ಸದಸ್ಯರು: ಮದ್ದಿಲ್ಲದ ಕಾಯಿಲೆಯನ್ನು ಮುಂಚೆ ತಿಳಿದು ಏನು ಫಲ? ಹೆದರಿಸಿ ದುಡ್ಡು ಕೀಳುವ ದಾರಿ ಇದು. ನಮ್ಮ ಅಜ್ಜ 90 ವರ್ಷ ಬದುಕಿದರು, ಯಾವ ಪರೀಕ್ಷೆಯೂ ಇರಲಿಲ್ಲ.

ಸಾಗರದ ಸದಸ್ಯೆ: ಫಲ ಇದೆ. ಅಮ್ಮನಿಗೆ ಏನಾಗಿದೆ ಎಂದು ಎರಡು ವರ್ಷ ನಮಗೆ ತಿಳಿಯಲಿಲ್ಲ, ಹಟಮಾರಿತನ ಎಂದು ಗದರಿದೆವು. ಆ ಅವಧಿಯಲ್ಲೇ ತೋಟದ ಪತ್ರಕ್ಕೆ ಅವರಿಂದ ಹೆಬ್ಬೆಟ್ಟು ಒತ್ತಿಸಿಕೊಂಡವರಿದ್ದಾರೆ. ಮೊದಲೇ ಗೊತ್ತಿದ್ದರೆ ಅಮ್ಮನ ಇಷ್ಟವನ್ನು ಅವರನ್ನೇ ಕೇಳಿ ಬರೆಸಿಡಬಹುದಿತ್ತು.

ಹೊಸನಗರದ ಸದಸ್ಯರು: ಅದು ನಿಮ್ಮ ಮನೆಯ ಆಸ್ತಿಯ ವಿಚಾರ. ಹಿರಿಯರನ್ನು ಪ್ರೀತಿಯಿಂದ ನೋಡಿಕೊಂಡರೆ ಯಾವ ಮರೆವೂ ಬರುವುದಿಲ್ಲ.

ಸಾಗರದ ಸದಸ್ಯೆ: ನಾಲ್ಕು ವರ್ಷ ಅಮ್ಮನ ಮೂತ್ರದ ಬಟ್ಟೆ ಒಗೆದವಳು ನಾನು. ಪ್ರೀತಿ ಸಾಲಲಿಲ್ಲ ಎಂದು ನನಗೆ ಹೇಳುತ್ತೀರಾ? ಒಂದು ರಾತ್ರಿಯಾದರೂ ಅಂಥವರ ಜೊತೆ ಎಚ್ಚರವಿದ್ದು ಆಮೇಲೆ ಬರೆಯಿರಿ.

ಭದ್ರಾವತಿಯ ಸದಸ್ಯೆ: ಹೊಸನಗರದವರು ಕ್ಷಮೆ ಕೇಳಬೇಕು.

ಹೊಸನಗರದ ಸದಸ್ಯರು: ಅಭಿಪ್ರಾಯ ಹೇಳಿದ್ದಕ್ಕೆ ಕ್ಷಮೆ ಏಕೆ ಕೇಳಲಿ?

ನಿರ್ವಾಹಕರು: ಇಬ್ಬರೂ ಇಲ್ಲಿಗೆ ನಿಲ್ಲಿಸಿ.

ವೈದ್ಯೆ: ಪ್ರೀತಿ ಕಡಿಮೆಯಾಗಿ ಬರುವ ಕಾಯಿಲೆ ಇದಲ್ಲ. ಆ ಮಾತಿನಿಂದ ಎಷ್ಟು ಮನೆಗಳ ಹೆಣ್ಣುಮಕ್ಕಳು ತಮ್ಮನ್ನೇ ದೂಷಿಸಿಕೊಳ್ಳುತ್ತಿದ್ದಾರೆ ಎಂಬುದನ್ನು ನಾನು ದಿನಾ ನೋಡುತ್ತೇನೆ. ಅಮಿಲಾಯ್ಡ್ ತೆಗೆಯುವ ಲೆಕಾನೆಮ್ಯಾಬ್, ಡೊನಾನೆಮ್ಯಾಬ್ ಎಂಬ ಔಷಧಿಗಳು ಬಂದಿವೆ. ಅವು ಕಾಯಿಲೆಯನ್ನು ವಾಸಿ ಮಾಡುವುದಿಲ್ಲ, ಆರಂಭದ ಹಂತದಲ್ಲಿ ಸ್ವಲ್ಪ ನಿಧಾನಗೊಳಿಸುತ್ತವೆ. ಮಿದುಳಿನ ಊತ, ರಕ್ತಸ್ರಾವದ ಅಪಾಯವೂ ಇದೆ. ತಜ್ಞರು ಈ ರಕ್ತಪರೀಕ್ಷೆಯನ್ನು ಬರೆಯುವುದು ಅಂಥ ಔಷಧಿ ಕೊಡಬೇಕೇ ಬೇಡವೇ ಎಂಬಂತಹ ತೀರ್ಮಾನಗಳಿಗಾಗಿ. ಹೊಸನಗರದವರೇ, ಆ ಸಂದೇಶ ಇನ್ನೂ ಹಾಗೇ ಇದೆ.

ಶಿಕಾರಿಪುರದ ಸದಸ್ಯ: ನನ್ನ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ದರ ಎಷ್ಟು?

ವೈದ್ಯೆ: ಮೇಲೆ ಹೇಳಿದ್ದೇನೆ.

ತೀರ್ಥಹಳ್ಳಿಯ ಸದಸ್ಯ: ಮೇಡಂ, ಮಂಡಗದ್ದೆ ದಾಟಿದ್ದೇವೆ. ಅಪ್ಪಯ್ಯ ಹಿಂದಿನ ಸೀಟಿನಲ್ಲಿ ಮಲಗಿದ್ದಾರೆ. ಎಬ್ಬಿಸಬೇಕೇ, ಮಲಗಲು ಬಿಡಬೇಕೇ?

ವೈದ್ಯೆ: ಎಬ್ಬಿಸಿ, ಹೆಸರು ಕೇಳಿ. ಉತ್ತರಿಸಿದರೆ ಹಾಗೇ ಬನ್ನಿ, ಹತ್ತು ನಿಮಿಷಕ್ಕೊಮ್ಮೆ ಮಾತನಾಡಿಸುತ್ತಿರಿ. ತಿನ್ನಲು, ಕುಡಿಯಲು ಏನೂ ಕೊಡಬೇಡಿ. ತುರ್ತು ವಿಭಾಗದಲ್ಲಿ ಮರೆವಿನ ಮಾತು ಎತ್ತುವ ಮೊದಲು, ‘ತಲೆಗೆ ಪೆಟ್ಟಾಗಿತ್ತು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ’ ಎಂದು ಹೇಳಿ. ನಾನೂ ಅಲ್ಲಿಗೆ ಹೊರಟಿದ್ದೇನೆ.