ಸವರುವುದೋ, ಕಡಿಯುವುದೋ, ಕಸಿಯೋ? ಒಂದು ಪದ ಬೇಕಾಗಿದೆ

ಧಾರವಾಡದ ನಮ್ಮ ಮನೆ ಮುಂದೆ ಮೆಹಂದಿ ಬೇಲಿ ಇದೆ. ಮೂರು ವರ್ಷ ಯಾರೂ ಕತ್ತರಿ ಹಚ್ಚಿರಲಿಲ್ಲ. ಮೇಲೆ ಹತ್ತಡಿ ಪೊದೆ, ಕೆಳಗೆ ಎದೆಮಟ್ಟದವರೆಗೂ ಬರೀ ಕಡ್ಡಿ. ಕಟ್ಟೆ ಮೇಲೆ ಕೂತು ಚಹಾ ಕುಡಿದರೆ ದಾರಿಯಲ್ಲಿ ಹೋಗುವವರೆಲ್ಲ ನೋಡುತ್ತಾರೆ.

ಜೂನ್ ಮಳೆ ಹಿಡಿದ ಮೇಲೆ ಗಿಡದ ಕೆಲಸದ ಕಾಕಾ ಬಂದರು. ‘ಸವರ್ಲ್ಯೋ ಅಕ್ಕಾರ, ಬೊಡ್ಡಿಗೆ ಕಡೀಲ್ಯೋ?’ ಅಂದರು.

ನನಗೆ ಎರಡೂ ಬೇಡವಾಗಿತ್ತು. ಸವರಿದರೆ ತುದಿ ಸಮ ಆಗುತ್ತದೆ, ಬುಡ ಬೋಳಾಗಿಯೇ ಉಳಿಯುತ್ತದೆ. ಬೊಡ್ಡಿಗೆ ಕಡಿದರೆ ಮೆಹಂದಿ ಮತ್ತೆ ಚಿಗುರುತ್ತದೆ ನಿಜ, ಅಲ್ಲಿತನಕ ಮರೆ ಎಲ್ಲಿ? ಹಳೆ ಕೊಂಬೆಗಳಲ್ಲಿ ಮೂರಕ್ಕೊಂದನ್ನು ಮಾತ್ರ ಕೆಳಗೆ, ಗೆಣ್ಣಿನ ಮೇಲೆ ಕತ್ತರಿಸಬೇಕು. ಉಳಿದದ್ದು ಮುಂದಿನ ಎರಡು ವರ್ಷಕ್ಕೆ. ಬೇಲಿಯ ತಲೆ ಕಿರಿದಾಗಿ, ಬುಡ ಅಗಲವಾಗಿ ಇರಬೇಕು, ಕೆಳಗೂ ಬಿಸಿಲು ಬಿದ್ದರೆ ತಾನೇ ಎಲೆ ಬರುವುದು. ಇಷ್ಟನ್ನೂ ಕೈಯಾಡಿಸಿ ತೋರಿಸಿದೆ. ದಟ್ಟವಾಗಿ ಚಿಗುರಲಿ ಅಂತ ಕತ್ತರಿಸುವುದಕ್ಕೆ ಒಂದೇ ಮಾತು ಇಲ್ವಾ?

ವಿಜಯಪುರದ ಕಡೆ ದ್ರಾಕ್ಷಿಯವರು ‘ಚಾಟ್ನಿ’ ಅನ್ನುತ್ತಾರೆ, ಮರಾಠಿಯಿಂದ ಬಂದದ್ದು. ಏಪ್ರಿಲ್‌ನಲ್ಲಿ ಒಮ್ಮೆ, ಅಕ್ಟೋಬರ್‌ನಲ್ಲಿ ಒಮ್ಮೆ. ಅರ್ಥ ಹತ್ತಿರವೇ, ಆದರೆ ಬೇಲಿಗೆ ಯಾರೂ ಅದನ್ನು ಬಳಸಿದ್ದು ಕೇಳಿಲ್ಲ. ಕಾಫಿ ತೋಟದವರದು ‘ಕಸಿ’. ನೆರಳಿನ ಮರದ ಕೊಂಬೆ ಕಡಿದರೆ ‘ಮರಗಸಿ’. ನನಗೆ ಇದೇ ಇಷ್ಟ. ತೊಂದರೆ ಏನೆಂದರೆ, ಇಲ್ಲಿ ಕಸಿ ಅಂದರೆ ಮಾವಿನ ಕಸಿ. ಕಾಕಾನ ಹತ್ತಿರ ಹೇಳಿದೆ. ‘ಮೆಹಂದಿಗೆ ಯಾವ ಗಿಡದ್ದು ಕಸಿ ಕಟ್ಟೂದ್ರಿ?’ ಅಂತ ಕೇಳಿದರು!

ಕೃಷಿ ಪುಸ್ತಕಗಳಲ್ಲಿ ‘ಸವರುವಿಕೆ’ ಇದೆ. ಆದರೆ ಸವರು ಅಂದರೆ ಎಣ್ಣೆ ಸವರುವುದೂ ಹೌದು, ತಲೆ ಸವರುವುದೂ ಹೌದು. ಕೇಳಿದರೆ ಮೆಲ್ಲಗೆ ಕೈಯಾಡಿಸಿದ ಹಾಗಿರುತ್ತದೆ, ಕತ್ತರಿಯ ಸದ್ದೇ ಬರುವುದಿಲ್ಲ.

ಹಾವೇರಿ, ಗದಗ ಕಡೆಯವರು ಏನನ್ನುತ್ತೀರಿ? ಹೊಲದ ಬೇಲಿ ಕೆಳಗಿನಿಂದ ದಟ್ಟ ಆಗಲಿ ಅಂತ ಕತ್ತರಿಸುವುದಕ್ಕೆ ಹಿರಿಯರ ಬಾಯಲ್ಲಿ ಬೇರೆ ಮಾತಿದ್ದರೆ ತಿಳಿಸಿ.

ಇನ್ನೊಂದು ಸಣ್ಣ ಪೇಚು. ಇಂಥ ಬೇಲಿಗೆ ‘ಗಿಡದ ಮರೆ’ ಅನ್ನೋಣ ಅಂದುಕೊಂಡೆ. ನಮ್ಮ ಕಡೆ ಮನೆ ಮನಿ ಆದ ಹಾಗೆ ಮರೆ ಮರಿ ಆಗುತ್ತದಲ್ವಾ? ‘ಇಲ್ಲೊಂದು ಮರಿ ಬೇಕ್ರಿ’ ಅಂದಿದ್ದೇ ತಡ, ಕಾಕಾ ಮರುದಿನ ಎರಡು ದಾಸವಾಳದ ಸಸಿ ತಂದು ನಿಂತಿದ್ದರು.