‘ಮಿಯೆಲ್ ದೆ ಕಾನ್ಯಾ’ಗೆ ಜೇನು ಎನ್ನಬಹುದೇ? ‘ರಾಸಿಯೋನ್’ಗೆ ಕನ್ನಡದಲ್ಲಿ ಏನು?

ಪ್ರಶ್ನೆ:
ಸ್ಪೇನಿನ ಮಲಗಾ ಕರಾವಳಿಯ ನೆರ್ಹಾ ಊರಿನಲ್ಲಿ ಮನೆಮಂದಿಯೇ ನಡೆಸುವ ತಾಪಾಸ್ (ಸಣ್ಣ ತಟ್ಟೆಯ ತಿನಿಸುಗಳು) ಹೋಟೆಲುಗಳ ಬಗ್ಗೆ ಪ್ರವಾಸ ಕೈಪಿಡಿಗೆ ಬರೆಯುತ್ತಿದ್ದೇನೆ. ಮೆನುವಿನಲ್ಲಿ ‘ಬೆರೆನ್ಹೇನಾಸ್ ಕೊನ್ ಮಿಯೆಲ್ ದೆ ಕಾನ್ಯಾ’ ಎಂಬ ಬದನೆಕಾಯಿಯ ತಿನಿಸು ಇರುತ್ತದೆ. ನಿಘಂಟಿನಲ್ಲಿ ‘ಮಿಯೆಲ್’ ಎಂದರೆ ಜೇನು, ‘ಕಾನ್ಯಾ’ ಎಂದರೆ ಕಬ್ಬು. ‘ಕಬ್ಬಿನ ಜೇನು’ ಸರಿಯೇ, ‘ಕಾಕಂಬಿ’ ಎನ್ನಬೇಕೇ? ಒಂದೇ ತಿನಿಸಿನ ಮುಂದೆ ತಾಪಾ, ಮೇದಿಯಾ, ರಾಸಿಯೋನ್ ಎಂದು ಮೂರು ಬೆಲೆ ಇದ್ದರೆ ಅವನ್ನು ಹೇಗೆ ಬರೆಯುವುದು?

ಉತ್ತರ:
ಎರಡೂ ಬೇಡ. ಜೋನಿಬೆಲ್ಲ ಎಂದೇ ಬರೆಯಿರಿ. ಕಾಕಂಬಿ ಅಂದರೆ ಸಕ್ಕರೆ ತೆಗೆದ ಮೇಲೆ ಉಳಿಯುವ ಕರಿ ಪಾಕ. ಮಿಯೆಲ್ ದೆ ಕಾನ್ಯಾದಲ್ಲಿ ಸಕ್ಕರೆ ತೆಗೆಯುವುದಿಲ್ಲ. ಕಬ್ಬಿನ ಹಾಲನ್ನು ಸೋಸಿ, ಕುದಿಸಿ, ಗಟ್ಟಿಯಾಗುವ ಮೊದಲೇ ಇಳಿಸುತ್ತಾರೆ. ಶಿರಸಿ, ಸಾಗರದ ಕಡೆ ದೋಸೆಗೆ ಹಾಕಿಕೊಳ್ಳುವುದೂ ಇದೇ ಬಗೆಯದು. ಸ್ಪೇನಿನದು ಹೆಚ್ಚು ಕಪ್ಪು, ಕೊನೆಯಲ್ಲಿ ಸಣ್ಣ ಕಹಿ. ನೆರ್ಹಾದ ಮೇಲಿನ ಗುಡ್ಡದ ಊರಾದ ಫ್ರಿಹಿಲಿಯಾನಾದಲ್ಲಿ ಇದನ್ನು ಈಗಲೂ ಕಾಯಿಸುತ್ತಾರೆ. ಜೇನು ಎಂದು ಬರೆದರೆ ಜೇನು ತಿನ್ನದ ಜೈನರು ಸುಮ್ಮನೆ ಬಿಟ್ಟುಬಿಡುತ್ತಾರೆ.

ಪಾನೀಯಗಳ ಪಟ್ಟಿಯಲ್ಲಿ ಬರೀ ‘ಕಾನ್ಯಾ’ ಇದ್ದರೆ ಅದು ಕಬ್ಬಲ್ಲ, ಸಣ್ಣ ಗ್ಲಾಸಿನ ಡ್ರಾಫ್ಟ್ ಬಿಯರ್.

ತಿನಿಸಿನ ವಿವರವನ್ನೂ ಒಂದು ಸಾಲಿನಲ್ಲಿ ಕೊಡಿ. ಬದನೆಕಾಯಿಯನ್ನು ಬೆರಳುದ್ದಕ್ಕೆ ಹೆಚ್ಚಿ ಅರ್ಧದಿಂದ ಒಂದು ಗಂಟೆ ಹಾಲಿನಲ್ಲೋ ಉಪ್ಪುನೀರಿನಲ್ಲೋ ನೆನೆಸಿ, ನೀರು ಬಸಿದು, ಗೋಧಿಹಿಟ್ಟಿನಲ್ಲಿ ಹೊರಳಿಸಿ 180 ಡಿಗ್ರಿ ಕಾದ ಎಣ್ಣೆಯಲ್ಲಿ ಕರಿಯುತ್ತಾರೆ. ಎಣ್ಣೆ ಸಾಕಷ್ಟು ಕಾಯದಿದ್ದರೆ ಬದನೆ ಅದನ್ನು ಹೀರಿಕೊಂಡು ಜಿಡ್ಡಾಗುತ್ತದೆ. ಬೆಲ್ಲವನ್ನು ಬಡಿಸುವ ಹೊತ್ತಿಗೆ ದಾರದಂತೆ ಸುರಿಯಬೇಕು. ಮೊದಲೇ ಸುರಿದರೆ ಐದೇ ನಿಮಿಷಕ್ಕೆ ಮೆತ್ತಗಾಗುತ್ತದೆ. ಹಾಗಾಗಿ ‘ಬೆಲ್ಲ ಬೇರೆ ಬಟ್ಟಲಲ್ಲಿ ಕೊಡಿ’ ಎಂದು ಕೇಳುವ ವಾಕ್ಯವೂ ಕೈಪಿಡಿಯಲ್ಲಿರಲಿ: ‘ಲಾ ಮಿಯೆಲ್ ಅಪಾರ್ತೆ, ಪೋರ್ ಫಾವೋರ್’.

ಇನ್ನು ರಾಸಿಯೋನ್. ‘ರೇಷನ್’ ಎಂದು ಬರೆಯಬೇಡಿ, ನಮ್ಮವರಿಗೆ ನ್ಯಾಯಬೆಲೆ ಅಂಗಡಿ ನೆನಪಾಗುತ್ತದೆ. ರಾಸಿಯೋನ್‌ಗೆ ಫುಲ್ ಪ್ಲೇಟ್, ಮೇದಿಯಾಗೆ ಹಾಫ್ ಪ್ಲೇಟ್ ಎಂಬ ನಮ್ಮ ಹೋಟೆಲಿನ ಮಾತೇ ಸಾಕು. ಫುಲ್ ಪ್ಲೇಟ್ ಮೂರ್ನಾಲ್ಕು ಜನ ಹಂಚಿಕೊಳ್ಳುವಷ್ಟು, ಹಾಫ್ ಇಬ್ಬರಿಗೆ. ‘ತಾಪಾ’ವನ್ನು ಹಾಗೇ ಉಳಿಸಿ, ಒಬ್ಬರಿಗೆ ಮೂರ್ನಾಲ್ಕು ತುತ್ತು. ‘ತಾಪಾಸ್’ ಎಂಬುದೇ ಬಹುವಚನ, ‘ತಾಪಾಸ್‌ಗಳು’ ಬೇಡ. ಇಬ್ಬರು ಹೋಗಿ ನಾಲ್ಕು ಬಗೆಯ ರಾಸಿಯೋನ್ ಹೇಳಿದರೆ ಅರ್ಧಕ್ಕರ್ಧ ಉಳಿಯುತ್ತದೆ. ಕರಿದ ಮೀನಿಗೆ ಎಷ್ಟೋ ಕಡೆ ತಾಪಾ ಅಳತೆಯೇ ಇರುವುದಿಲ್ಲ, ಹಾಫ್‌ನಿಂದಲೇ ಶುರು.

ಇನ್ನೊಬ್ಬರ ಉತ್ತರ:
ಜೋನಿಬೆಲ್ಲಕ್ಕೆ ನನ್ನ ಒಪ್ಪಿಗೆಯೂ ಇದೆ. ಮೈಸೂರು ಕಡೆಯವರಿಗಾಗಿ ಮೊದಲ ಸಲ ಬಂದಾಗ ‘ನೀರಾಗಿರುವ ಬೆಲ್ಲ’ ಎಂದು ಸೇರಿಸಿ. ಆದರೆ ಪಕ್ಕದಲ್ಲಿ ‘ಸಸ್ಯಾಹಾರ’ ಎಂದು ಮಾತ್ರ ಹಾಕಬೇಡಿ. ಆ ಕರಾವಳಿಯ ಎಷ್ಟೋ ಅಡುಗೆಮನೆಗಳಲ್ಲಿ ಮೀನು ಕರಿದ ಎಣ್ಣೆಯಲ್ಲೇ ಬದನೆಯನ್ನೂ ಕರಿಯುತ್ತಾರೆ. ‘ಸಿನ್ ಕಾರ್ನೆ’ ಎಂದು ಕೇಳಿದರೆ ಮಾಂಸ ಬೇಡ ಎಂದಷ್ಟೇ ಅರ್ಥ. ಮೀನು ಬರಬಹುದು, ಸಾಲ್ಮೊರೇಹೊ ಎಂಬ ಟೊಮ್ಯಾಟೊ ತಂಪುಸಾರಿನ ಮೇಲೆ ಮೊಟ್ಟೆಯ ಜೊತೆ ಹಂದಿಮಾಂಸದ ಚೂರೂ ಬಂದೀತು. ಕೇಳಬೇಕಾದ ಮಾತು: ‘ಸೆ ಫ್ರೀಯೆ ಎನ್ ಎಲ್ ಮಿಸ್ಮೋ ಅಸೇಯ್ತೆ ಕೆ ಎಲ್ ಪೆಸ್ಕಾದೊ?’ ಮೀನಿನ ಎಣ್ಣೆಯಲ್ಲೇ ಕರಿಯುತ್ತೀರಾ ಎಂದು. ‘ಸಿ’ ಎಂದರೆ ಹೌದು.